ಅರ್ಧ ಟಿಕೆಟ್ಟಿನ ಲೆಕ್ಕ

ಸಂಸಾರವಂದಿಗನು ರೈಲು ಹತ್ತುವ ಮೊದಲು ಎರಡು ಲೆಕ್ಕಗಳನ್ನು ಮಾಡಬೇಕಾಗುತ್ತದೆ. ಒಟ್ಟು ಎಷ್ಟು ಜನ ಎಂಬುದು ಮೊದಲನೆಯದು. ಅವರಲ್ಲಿ ಎಷ್ಟು ಜನ ಅರ್ಧ ಎಂಬುದು ಎರಡನೆಯದು. ಮೊದಲನೆಯ ಲೆಕ್ಕದಲ್ಲಿ ಯಾರೂ ತಪ್ಪುವುದಿಲ್ಲ. ಎರಡನೆಯದರಲ್ಲಿ ಮಾತ್ರ, ಮನೆಯಲ್ಲಿ ಧರ್ಮರಾಯನಂತಿರುವವನೂ ಟಿಕೆಟ್ಟಿನ ಕಿಟಕಿಯ ಮುಂದೆ ನಿಂತಾಗ ಒಂದು ಕ್ಷಣ ತಡವರಿಸುತ್ತಾನೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಅದನ್ನು ಕೊಂಚ ಕೆಳಕ್ಕೆ ಒತ್ತುವ ತಂದೆಯನ್ನೂ, ಬೆಳೆದ ಹುಡುಗನನ್ನು ಸೊಂಟದ ಮೇಲೇರಿಸಿಕೊಂಡು ಏದುಸಿರು ಬಿಡುವ ತಾಯಿಯನ್ನೂ ನೋಡದ ರೈಲು ನಿಲ್ದಾಣವುಂಟೇ?

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಈ ಎರಡನೆಯ ಲೆಕ್ಕವನ್ನು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಅದೂ ಸಮುದ್ರದಾಚೆಯ ನಾಡಿನಲ್ಲಿ, ಹೊಸದಾಗಿ ಕಲಿಯಬೇಕಾಗಿ ಬಂದಿತು. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಗಣಿತವನ್ನು ಬೋಧಿಸಿದವರು ಅವರು. ತ್ರೈರಾಶಿಯೆಂದರೆ ಬೆರಳ ತುದಿಯಲ್ಲಿ. ಆದರೂ ಈ ಲೆಕ್ಕ ಅವರಿಗೆ ಸುಲಭವಾಗಿ ಬಿಡಿಸಲು ಬರಲಿಲ್ಲ.

ಚಿಕ್ಕರಸಿನಕೆರೆಯೆಂದರೆ ಆ ಸೀಮೆಯವರಿಗೆ ಕಾಲಭೈರವೇಶ್ವರನ ಊರು. ಅದಕ್ಕಿಂತ ಹೆಚ್ಚಾಗಿ ಬಸಪ್ಪನ ಊರು. ದೇವರ ಹೆಸರಿನಲ್ಲಿ ಬಿಟ್ಟ ಆ ಬಸವನು ಕಳ್ಳನನ್ನೂ ಸುಳ್ಳನನ್ನೂ ಗುಂಪಿನ ನಡುವಿನಿಂದ ಹುಡುಕಿ ನಿಲ್ಲಿಸುತ್ತಾನೆಂಬುದು ಸುತ್ತಣ ಹಳ್ಳಿಗಳ ಜನರ ನಂಬಿಕೆ. ಮನೆಯಲ್ಲಿ ಮಗು ಸುಳ್ಳು ಹೇಳಿದರೆ, ‘ಇರು, ಬಸಪ್ಪನ ಮುಂದೆ ನಿಲ್ಲಿಸ್ತೀನಿ’ ಎಂದು ತಾಯಂದಿರು ಬೆದರಿಸುವುದುಂಟು. ಮೇಷ್ಟ್ರ ಮಗಳು ಬೆಳೆದದ್ದು ಇಂಥ ಊರಿನಲ್ಲಿ. ಊರಿನ ಶಾಲೆ, ಭಾರತೀನಗರದ ಕಾಲೇಜು, ಮೈಸೂರಿನ ಎಂಜಿನಿಯರಿಂಗ್ ವಿದ್ಯಾಭ್ಯಾಸ, ಬೆಂಗಳೂರಿನ ಉದ್ಯೋಗ, ಆಮೇಲೆ ಮದುವೆ, ಲಂಡನ್ನು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವಳು ದೂರ ಹೋದಳು. 2025ರ ಬೇಸಿಗೆಯಲ್ಲಿ ಅವಳು ತಂದೆತಾಯಿಯರನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಂಡಳು. ಅವಳ ಮಗನಿಗೆ ಆಗತಾನೆ ಐದು ತುಂಬಿತ್ತು.

ಲಂಡನ್ನಿಗೆ ಹೋದ ಮೊದಲನೆಯ ವಾರ ಮೇಷ್ಟ್ರಿಗೆ ಎಲ್ಲವೂ ಆಶ್ಚರ್ಯ. ಪೌಂಡನ್ನು ರೂಪಾಯಿಗೆ ಪರಿವರ್ತಿಸುವ ದುರಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಒಂದು ಲೋಟ ಕಾಫಿಯ ಬೆಲೆಯಲ್ಲಿ ಮದ್ದೂರಿನಲ್ಲಿ ಎಷ್ಟು ವಡೆ ತಿನ್ನಬಹುದೆಂದು ಲೆಕ್ಕ ಹಾಕಿ, ಕುಡಿಯದೆ ಹಿಂದಕ್ಕೆ ಬಂದದ್ದೂ ಉಂಟು. ಒಂದು ಭಾನುವಾರ ಅಳಿಯ ಅವರನ್ನು ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವೇಶ್ವರರ ಪ್ರತಿಮೆಯ ಬಳಿಗೆ ಕರೆದೊಯ್ದ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ ಅದು. ನೆಲದಡಿಯ ರೈಲಿನಲ್ಲಿ ಹೋಗಿ ಬಂದರು. ದೊಡ್ಡವರು ನಾಲ್ವರೂ ತಮ್ಮ ತಮ್ಮ ಕಾರ್ಡುಗಳನ್ನು ಗೇಟಿಗೆ ಮುಟ್ಟಿಸಿದರು. ಹುಡುಗನಿಗೆ ಏನೂ ಕೊಡಬೇಕಾಗಿರಲಿಲ್ಲ.

“ಇವನಿಗೆ ಟಿಕೆಟ್ಟು?” ಎಂದು ಮೇಷ್ಟ್ರು ಗಾಬರಿಯಿಂದ ಕೇಳಿದರು.

“ಬೇಡ ಮಾವ. ಈ ರೈಲಿನಲ್ಲಿ ಹನ್ನೊಂದು ತುಂಬದ ಮಕ್ಕಳು ದುಡ್ಡು ಕೊಟ್ಟು ಹೋಗೋ ದೊಡ್ಡವರ ಜೊತೆಗಿದ್ದರೆ ಪುಕ್ಕಟೆ. ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೂ ಹೋಗಬಹುದು,” ಎಂದ ಅಳಿಯ.

ಮೇಷ್ಟ್ರಿಗೆ ಸಂತೋಷವಾಯಿತು. ಈ ನಾಡು ತಾವೆಣಿಸಿದಷ್ಟು ದುಬಾರಿಯಲ್ಲ ಎಂದುಕೊಂಡರು. ಆದರೆ ಒಂದು ರೈಲಿನ ನಿಯಮವನ್ನು ಮತ್ತೊಂದು ರೈಲಿಗೆ ಅನ್ವಯಿಸಿಕೊಳ್ಳುವುದು ಪ್ರವಾಸಿಗಳು ಮಾಡುವ ಮೊದಲನೆಯ ತಪ್ಪು. ನಗರದೊಳಗಿನ ರೈಲಿಗೆ ಒಂದು ನೀತಿ, ದೇಶವನ್ನು ದಾಟುವ ರೈಲಿಗೆ ಇನ್ನೊಂದು. ಇದು ಅವರಿಗೆ ತಿಳಿದದ್ದು ಎಡಿನ್‌ಬರೋ ನಗರಕ್ಕೆ ಹೋಗಿ ಬರುವ ಮಾತು ಬಂದಾಗ.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಸುಮಾರು 630 ಕಿಲೋಮೀಟರು. ವೇಗದ ರೈಲು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ರಾತ್ರಿ ಊಟವಾದ ಮೇಲೆ ಮಗಳು ಕಂಪ್ಯೂಟರನ್ನು ಮುಂದಿಟ್ಟುಕೊಂಡು ಟಿಕೆಟ್ಟು ಕಾದಿರಿಸಲು ಕುಳಿತಳು. ಮೇಷ್ಟ್ರು ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಬಗೆಬಗೆಯ ದರಗಳು ಪರದೆಯ ಮೇಲೆ ಹಾದುಹೋದವು. ಮುಂಗಡವಾಗಿ ಕೊಂಡರೆ ಒಂದು ಬೆಲೆ, ಹೊರಡುವ ದಿನ ಕೊಂಡರೆ ಮತ್ತೊಂದು, ಬೆಳಗಿನ ಜನಸಂದಣಿಯ ಹೊತ್ತಿಗೆ ಇನ್ನೊಂದು. ‘ದೊಡ್ಡವರು ಎಷ್ಟು, ಐದರಿಂದ ಹದಿನೈದು ವರ್ಷದ ಮಕ್ಕಳೆಷ್ಟು’ ಎಂಬ ಪ್ರಶ್ನೆ ಬಂದಾಗ ಮಗಳು ‘ನಾಲ್ಕು, ಒಂದು’ ಎಂದು ತುಂಬಿದಳು.

“ಐದು ತುಂಬದವರಿಗೆ?” ಎಂದರು ಮೇಷ್ಟ್ರು.

“ಟಿಕೆಟ್ಟಿಲ್ಲ ಅಪ್ಪ. ಐದು ತುಂಬಿದ ಮೇಲೆ ಅರ್ಧ.”

ಮೇಷ್ಟ್ರ ಮನಸ್ಸಿನೊಳಗಿನ ಹಳೆಯ ಮದ್ದೂರು ನಿಲ್ದಾಣ ತಟ್ಟನೆ ಎಚ್ಚೆತ್ತುಕೊಂಡಿತು. “ಇವನಿಗೆ ಐದು ತುಂಬಿ ಹತ್ತು ದಿನ ಆಗಿದೆ ಅಷ್ಟೆ. ಹತ್ತು ದಿನವನ್ನು ಯಾರು ಅಳೆದು ನೋಡ್ತಾರೆ? ನೋಡೋಕೂ ಸಣ್ಣಗಿದ್ದಾನೆ,” ಎಂದು, ಪಕ್ಕದಲ್ಲಿ ಬಣ್ಣದ ಕಡ್ಡಿಗಳಿಂದ ಚಿತ್ರ ಬರೆಯುತ್ತಿದ್ದ ಮೊಮ್ಮಗನ ಬೆನ್ನು ತಟ್ಟಿ, “ಪುಟ್ಟ, ರೈಲಲ್ಲಿ ಯಾರಾದರೂ ಕೇಳಿದರೆ ನಾಲ್ಕು ವರ್ಷ ಅನ್ನಪ್ಪ,” ಎಂದರು.

ಹುಡುಗ ತಲೆಯೆತ್ತಿ ತಾತನನ್ನು ನೋಡಿದ, ತಾಯಿಯನ್ನು ನೋಡಿದ. ಐದು ಮೇಣದಬತ್ತಿಗಳನ್ನು ಊದಿ ಹತ್ತೇ ದಿನವಾಗಿತ್ತು. ಬಹು ಕಷ್ಟಪಟ್ಟು ಸಂಪಾದಿಸಿದ ಒಂದು ವರ್ಷವನ್ನು ಹಿಂದಕ್ಕೆ ಕೊಡಬೇಕೆಂದರೆ ಯಾರಿಗೆ ತಾನೆ ಸಂತೋಷವಾಗುತ್ತದೆ?

ಮಗಳ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಅವಳು ಕೋಪಗೊಳ್ಳಲಿಲ್ಲ. “ಅಪ್ಪ, ನೀವು ಲೆಕ್ಕದ ಮೇಷ್ಟ್ರು. ಮೊದಲು ಲೆಕ್ಕ ಮಾಡಿ ನೋಡೋಣ,” ಎಂದು ಒಂದು ಕಾಗದವನ್ನೂ ಪೆನ್ಸಿಲನ್ನೂ ಅವರ ಮುಂದೆ ಸರಿಸಿದಳು.

ಆ ದೇಶದಲ್ಲಿ ಸಂಸಾರಸಮೇತ ಪ್ರಯಾಣ ಮಾಡುವವರಿಗಾಗಿ ರೈಲ್ವೆಯವರು ಒಂದು ಕಾರ್ಡನ್ನು ಕೊಡುತ್ತಾರೆ. ಅದರ ಹೆಸರು ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್. 2025ರ ಮಾರ್ಚಿಯಿಂದ ಅದರ ಬೆಲೆ ವರ್ಷಕ್ಕೆ 35 ಪೌಂಡು. ಅದಕ್ಕೆ ಹಿಂದೆ 30 ಇತ್ತು. ಒಂದು ಕಾರ್ಡಿನಲ್ಲಿ ನಾಲ್ವರು ದೊಡ್ಡವರೂ ಐದರಿಂದ ಹದಿನೈದು ವರ್ಷದ ನಾಲ್ವರು ಮಕ್ಕಳೂ ಒಟ್ಟಿಗೆ ಹೋಗಬಹುದು. ದೊಡ್ಡವರ ದರದಲ್ಲಿ ಮೂರರಲ್ಲೊಂದು ಪಾಲು ಕಡಿತ. ಮಕ್ಕಳ ದರದಲ್ಲಿ ನೂರಕ್ಕೆ ಅರವತ್ತು ಕಡಿತ. ಹೆಸರೇ ಹೇಳುವಂತೆ, ಜೊತೆಯಲ್ಲಿರುವವರು ರಕ್ತಸಂಬಂಧಿಗಳೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ನೆರೆಮನೆಯವರ ಮಗುವನ್ನು ಕರೆದುಕೊಂಡು ಹೋದರೂ ಸರಿಯೆ. ಕಾರ್ಡಿನ ಮೇಲೆ ಇಬ್ಬರು ದೊಡ್ಡವರ ಹೆಸರನ್ನು ಬರೆಸಬಹುದು. ಅವರಲ್ಲಿ ಒಬ್ಬರಾದರೂ ಪ್ರಯಾಣದಲ್ಲಿರಬೇಕು.

“ದೊಡ್ಡವರಿಗೆ ಹೋಗಿ ಬರಲು ತಲಾ 90 ಪೌಂಡ್ ಅಂತ ಇಟ್ಟುಕೊಳ್ಳಿ. ಮಗುವಿಗೆ ಅದರ ಅರ್ಧ, 45. ಕಾರ್ಡಿಲ್ಲದೆ, ನಿಜವಾದ ವಯಸ್ಸು ಹೇಳಿದರೆ ಎಷ್ಟಾಯಿತು?” ಎಂದಳು ಮಗಳು.

“ನಾಲ್ಕು ತೊಂಬತ್ತಲಿ ಮುನ್ನೂರ ಅರವತ್ತು; ನಲವತ್ತೈದು ಸೇರಿ 405.”

“ಪುಟ್ಟನಿಗೆ ನಾಲ್ಕೇ ವರ್ಷ ಅಂದರೆ?”

“ಬರೀ 360. ಅದನ್ನೇ ನಾನು ಹೇಳಿದ್ದು!”

“ಈಗ ಕಾರ್ಡಿನ ಲೆಕ್ಕ ಹಾಕಿ. ಅವನಿಗೆ ಐದು ವರ್ಷ ಅಂತಲೇ ಬರೆಯಿರಿ.”

ಮೇಷ್ಟ್ರು ಪೆನ್ಸಿಲನ್ನು ಓಡಿಸಿದರು. ತೊಂಬತ್ತರಲ್ಲಿ ಮೂರನೆಯ ಒಂದು ಪಾಲು ಕಳೆದರೆ ಅರವತ್ತು, ನಾಲ್ವರಿಗೆ 240. ನಲವತ್ತೈದರಲ್ಲಿ ನೂರಕ್ಕೆ ಅರವತ್ತು ಕಳೆದರೆ ಹದಿನೆಂಟು. ಒಟ್ಟು 258. ಕಾರ್ಡಿನ ಬೆಲೆ 35 ಕೂಡಿಸಿದರೆ 293. ಮೇಷ್ಟ್ರು ಕನ್ನಡಕವನ್ನು ತೆಗೆದು ಒರೆಸಿ ಮತ್ತೊಮ್ಮೆ ಕೂಡಿದರು. ಉತ್ತರ ಬದಲಾಗಲಿಲ್ಲ. ಸುಳ್ಳು ಹೇಳಿದ್ದರೆ 360. ನಿಜ ಹೇಳಿದರೆ 293. ನಿಜಕ್ಕೆ 67 ಪೌಂಡು ಲಾಭ. ಅದೂ ಮೊದಲನೆಯ ಪ್ರಯಾಣದಲ್ಲಿಯೇ. ಕಾರ್ಡು ಇನ್ನೂ ಒಂದು ವರ್ಷ ಕೈಯಲ್ಲಿರುತ್ತದೆ.

“ಇದೇನಮ್ಮ ಇದು! ಮಗುವಿನ ಟಿಕೆಟ್ಟು ಕೊಂಡರೇ ಖರ್ಚು ಕಮ್ಮಿಯೇ?”

“ಮಗು ಇದ್ದರೆ ಮಾತ್ರ ಈ ಕಾರ್ಡು ನಡೆಯೋದು ಅಪ್ಪ. ಟಿಕೆಟ್ಟು ತೆಗೆದುಕೊಂಡ ಮಗು ಒಂದಾದರೂ ಮೊದಲಿನಿಂದ ಕೊನೆಯವರೆಗೂ ಜೊತೆಯಲ್ಲಿರಬೇಕು. ಅದಕ್ಕೇ ಇಲ್ಲಿ ಕೆಲವರು ಐದು ತುಂಬದ ಮಗುವಿಗೂ ಬೇಕೆಂದೇ ಮಕ್ಕಳ ಟಿಕೆಟ್ಟು ಕೊಳ್ಳುತ್ತಾರೆ. ಪುಕ್ಕಟೆ ಹೋಗಬಹುದಾದ ಮಗುವಿಗೆ ದುಡ್ಡು ಕೊಟ್ಟು, ದೊಡ್ಡವರ ದುಡ್ಡನ್ನು ಉಳಿಸಿಕೊಳ್ಳುತ್ತಾರೆ.”

“ಹೊರಡುವ ದಿನ ಮಗುವಿಗೆ ಜ್ವರ ಬಂದು ಮನೆಯಲ್ಲೇ ಉಳಿದರೆ?”

“ಆಗ ನಮ್ಮ ನಾಲ್ವರ ರಿಯಾಯಿತಿಯೂ ಹೋಯಿತು.”

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಜೀವಮಾನವೆಲ್ಲ ಅವರು ಕಂಡಿದ್ದ ರೈಲು ಬೇರೆ. ಅಲ್ಲಿ ಮಗು ದೊಡ್ಡವರ ನೆರಳಿನಲ್ಲಿ ಪ್ರಯಾಣ ಮಾಡುತ್ತಿತ್ತು. ಇಲ್ಲಿ ನಾಲ್ವರು ದೊಡ್ಡವರು, ಅವರಲ್ಲಿಬ್ಬರು ಮುದುಕರು, ಐದು ವರ್ಷದ ಒಂದು ಮಗುವಿನ ನೆರಳಿನಲ್ಲಿ ಹೊರಟಿದ್ದರು.

ಇಷ್ಟಕ್ಕೆ ಪ್ರಸಂಗ ಮುಗಿದಿದ್ದರೆ ಇದೊಂದು ವಿನೋದದ ಲೆಕ್ಕವಾಗುತ್ತಿತ್ತು. ಆದರೆ ಅಷ್ಟು ಹೊತ್ತೂ ಸೋಫಾದ ಮೂಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಮೇಷ್ಟ್ರ ಮಡದಿ ಮೆಲ್ಲನೆ ಒಂದು ಮಾತು ಕೇಳಿದರು.

“ಅಲ್ಲ ಕಣ್ರೀ, ನಿಜ ಹೇಳಿದರೆ ದುಡ್ಡು ಉಳೀತದೆ, ಸರಿ. ಉಳೀದೆ ಹೋಗಿದ್ದರೆ ಮಗೂಗೆ ಏನು ಹೇಳಿಕೊಡ್ತಿದ್ರಿ?”

ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಅಳಿಯ ಎದ್ದು, ಹುಡುಗನನ್ನು ಮಲಗಿಸುವ ನೆಪದಿಂದ ಒಳಗೆ ಹೋದ. ಮಗಳು ಕಂಪ್ಯೂಟರಿನ ಮುಚ್ಚಳವನ್ನು ಅರ್ಧ ಮುಚ್ಚಿ, “ಅಪ್ಪ, ನಾವು 1991ರಲ್ಲಿ ದಸರಾ ನೋಡೋಕೆ ಮೈಸೂರಿಗೆ ಹೋಗಿದ್ದು ನೆನಪಿದೆಯಾ?” ಎಂದಳು.

ಮೇಷ್ಟ್ರಿಗೆ ದಸರೆ ನೆನಪಿತ್ತು. ಜಂಬೂಸವಾರಿಯ ಆನೆ, ವಸ್ತುಪ್ರದರ್ಶನದ ದೀಪಗಳು, ಜನಸಾಗರ, ಎಲ್ಲವೂ ನೆನಪಿದ್ದವು. ರೈಲು ನೆನಪಿರಲಿಲ್ಲ. ಮಗಳಿಗೆ ನೆನಪಿದ್ದದ್ದು ರೈಲು ಮಾತ್ರ. ಆ ವರ್ಷ ಅವಳಿಗೆ ಐದು ತುಂಬಿ ಆರು ನಡೆಯುತ್ತಿತ್ತು. ಮದ್ದೂರು ನಿಲ್ದಾಣದಲ್ಲಿ ತಂದೆ ಎರಡು ಟಿಕೆಟ್ಟು ಕೊಂಡು, ಅವಳ ಕಿವಿಯಲ್ಲಿ, ‘ಕೇಳಿದರೆ ನಾಲ್ಕು ಅನ್ನು’ ಎಂದಿದ್ದರು. ಮಂಡ್ಯ ದಾಟಿದ ಮೇಲೆ ಕಪ್ಪು ಕೋಟಿನ ಟಿಕೆಟ್ ಪರೀಕ್ಷಕರು ಬಂದು, ಮಗುವಿನ ಕೆನ್ನೆ ಸವರಿ, ‘ನಿನಗೆ ಎಷ್ಟು ವರ್ಷ ಪುಟ್ಟಿ?’ ಎಂದು ಕೇಳಿದರು. ಅವಳು ನಾಲ್ಕು ಬೆರಳು ತೋರಿಸಿದಳು. ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ‘ಜಾಣೆ’ ಎಂದು ತಲೆ ಸವರಿ ಹೋದರು. ಮೇಷ್ಟ್ರು ಉಳಿದ ಚಿಲ್ಲರೆಯಲ್ಲಿ ಅವಳಿಗೆ ಮೈಸೂರಿನಲ್ಲಿ ಒಂದು ಬಲೂನು ಕೊಡಿಸಿದರು.

“ಬಲೂನು ಸಂಜೆಗೆ ಒಡೆದುಹೋಯಿತು,” ಎಂದಳು ಮಗಳು. “ರಜ ಮುಗಿದು ಶಾಲೆಗೆ ಹೋದಾಗ ಹೊಸ ಮಿಸ್ ಎಲ್ಲರ ವಯಸ್ಸು ಕೇಳಿದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನೀವು ಯಾವುದನ್ನು ಹೇಳು ಅಂತೀರೋ ಕೇಳಿಕೊಂಡು ಬರ್ತೀನಿ ಅಂದೆ. ತರಗತಿಯೆಲ್ಲ ನಕ್ಕಿತು. ಆ ಕಪ್ಪು ಕೋಟಿನವರು ಬಸಪ್ಪನನ್ನು ಕರೆದುಕೊಂಡು ಮನೆಗೆ ಬರ್ತಾರೆ ಅಂತ ಎಷ್ಟೋ ದಿನ ಹೆದರಿಕೊಂಡು ಮಲಗಿದೀನಿ.”

ಅವಳು ನಗುತ್ತಲೇ ಹೇಳಿದಳು. ಆದರೆ ಮೂವತ್ತನಾಲ್ಕು ವರ್ಷ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವರ ನಗು ಹೇಗಿರುತ್ತದೆಂಬುದು ತಂದೆಯಾದವನಿಗೆ ತಿಳಿಯದೆ ಇರುವುದಿಲ್ಲ. ಮೇಷ್ಟ್ರು ಸಾವಿರಾರು ಮಕ್ಕಳ ಕೈಯಲ್ಲಿ ‘ಸತ್ಯಮೇವ ಜಯತೇ’ ಎಂದು ಕಾಪಿ ಬರೆಸಿದ್ದರು. ಅಕ್ಷರ ತಪ್ಪಿದ್ದರೆ ಹತ್ತು ಬಾರಿ ತಿದ್ದಿಸುತ್ತಿದ್ದರು. ತಮ್ಮ ಮನೆಯ ಮಗುವಿಗೆ ಎರಡು ಬೇರೆಬೇರೆ ವಯಸ್ಸುಗಳನ್ನು ಕೊಟ್ಟು, ಯಾವುದನ್ನು ಎಲ್ಲಿ ಹೇಳಬೇಕೆಂಬ ಗೊಂದಲದಲ್ಲಿ ಅದನ್ನು ಬಿಟ್ಟುಬಂದದ್ದು ಅವರಿಗೆ ಅಂದೂ ತಿಳಿದಿರಲಿಲ್ಲ, ಆಮೇಲೂ ತಿಳಿದಿರಲಿಲ್ಲ.

“ನನಗೆ ಗೊತ್ತೇ ಆಗಲಿಲ್ಲವಲ್ಲಮ್ಮ,” ಎಂದರು.

“ಇರಲಿ ಬಿಡಿ ಅಪ್ಪ. ಪುಟ್ಟನಿಗೆ ಮಾತ್ರ ಬೇಡ.”

ಆ ರಾತ್ರಿ ಮೇಷ್ಟ್ರಿಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ಎದ್ದವರೇ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಪುಟ್ಟ, ನಿನ್ನೆ ತಾತ ತಪ್ಪು ಹೇಳಿದೆ. ನಿನಗೆ ಐದು ವರ್ಷ. ಯಾರು ಕೇಳಿದರೂ ಐದು ಅನ್ನು,” ಎಂದರು. ಹುಡುಗ, “ನನಗೆ ಗೊತ್ತು ತಾತ,” ಎಂದು ಹಾಲು ಕುಡಿಯುವುದನ್ನು ಮುಂದುವರಿಸಿದ. ಮೊಮ್ಮಗನಿಗೆ ಅಷ್ಟು ಸುಲಭವಾಗಿ ಹೇಳಿದ ಮಾತನ್ನು ಮಗಳಿಗೆ ಹೇಳುವುದು ಮಾತ್ರ ಅವರಿಂದಾಗಲಿಲ್ಲ. ಹಿರಿಯರು ಮಕ್ಕಳ ಬಳಿ ಕ್ಷಮೆ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಇಲ್ಲ. ಅದರ ಬದಲು ಅವರು ಒಂದು ಹೊಸ ನೋಟುಪುಸ್ತಕವನ್ನು ತರಿಸಿಕೊಂಡು, ಹೊರನಾಡಿನ ರೈಲುಗಳ ಮಕ್ಕಳ ದರವನ್ನು ಅಳಿಯನಿಂದ ಕೇಳಿ ಕೇಳಿ ಬರೆದುಕೊಳ್ಳತೊಡಗಿದರು. ಊರಿನಲ್ಲಿ ಇನ್ನೂ ನಾಲ್ಕಾರು ಮನೆಯವರ ಮಕ್ಕಳು ಹೊರದೇಶಗಳಲ್ಲಿದ್ದರು. ಅವರ ತಂದೆತಾಯಿಗಳು ನಾಳೆ ಕೇಳಬಹುದಲ್ಲ!

ಆ ಪುಸ್ತಕದ ಪುಟಗಳನ್ನು ನೋಡಿದರೆ, ‘ಮಗು’ ಎಂಬ ಮಾತಿಗೆ ದೇಶದೇಶಕ್ಕೂ ಬೇರೆ ಅರ್ಥವಿರುವುದು ಕಂಡುಬರುತ್ತದೆ. ಜರ್ಮನಿಯಲ್ಲಿ ಆರು ತುಂಬದವರಿಗೆ ಟಿಕೆಟ್ಟೇ ಬೇಡ. ಆರರಿಂದ ಹದಿನಾಲ್ಕರವರೆಗಿನ ಮಕ್ಕಳು ದೂರದ ರೈಲುಗಳಲ್ಲಿ ದೊಡ್ಡವರ ಜೊತೆ ಪುಕ್ಕಟೆಯಾಗಿ ಹೋಗುತ್ತಾರೆ. ಆದರೆ ಟಿಕೆಟ್ಟು ಕೊಳ್ಳುವಾಗಲೇ ಆ ಮಕ್ಕಳ ಸಂಖ್ಯೆಯನ್ನು ಅದರಲ್ಲಿ ಬರೆಸಬೇಕು. ‘ಪುಕ್ಕಟೆಯಲ್ಲವೇ, ಬರೆಸುವುದೇಕೆ’ ಎಂದು ಬಿಟ್ಟವರು ರೈಲಿನಲ್ಲಿ ಪೇಚಿಗೆ ಸಿಕ್ಕುತ್ತಾರೆ. ಜಪಾನಿನಲ್ಲಿ ಆರರಿಂದ ಹನ್ನೊಂದು ವರ್ಷದವರಿಗೆ ಅರ್ಧ ದರ. ಫ್ರಾನ್ಸಿನಲ್ಲಿ 49 ಯೂರೋ ಕೊಟ್ಟು ಸಂಸಾರದ ಕಾರ್ಡೊಂದನ್ನು ಕೊಂಡರೆ, ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ನೂರಕ್ಕೆ ಅರವತ್ತು, ಜೊತೆಯ ದೊಡ್ಡವರಿಗೆ ನೂರಕ್ಕೆ ಮೂವತ್ತು ಕಡಿತ.

ಸ್ವಿಟ್ಜರ್ಲೆಂಡಿನ ಪುಟದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಆ ದೇಶದ ಟ್ರಾವೆಲ್ ಪಾಸನ್ನು ಕೊಂಡ ವಿದೇಶೀಯರಿಗೆ ಸಂಸಾರದ ಕಾರ್ಡನ್ನು ಉಚಿತವಾಗಿ ಕೊಡುತ್ತಾರೆ. ಅದರಿಂದ ಆರರಿಂದ ಹದಿನೈದು ವರ್ಷದ ಮಕ್ಕಳು ಪುಕ್ಕಟೆಯಾಗಿ ಸುತ್ತಬಹುದು. ಆದರೆ ಜೊತೆಯಲ್ಲಿ ತಂದೆ ಅಥವಾ ತಾಯಿ ಇರಬೇಕು. ತಾತ ಅಜ್ಜಿ ಇದ್ದರೆ ಸಾಲದು. “ನೋಡೆ, ಅಲ್ಲಿ ನಾವಿಬ್ಬರೂ ಲೆಕ್ಕಕ್ಕಿಲ್ಲ!” ಎಂದು ಮೇಷ್ಟ್ರು ಮಡದಿಗೆ ತೋರಿಸಿದಾಗ, ಆಕೆ, “ಲೆಕ್ಕಕ್ಕೆ ಇಡೋ ಊರಿಗೇ ಹೋಗೋಣ ಬಿಡಿ,” ಎಂದರಂತೆ.

ಎಲ್ಲವನ್ನೂ ಬರೆದಾದ ಮೇಲೆ ಅವರು ಕೊನೆಯ ಪುಟದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದರು. ಎಷ್ಟು ವರ್ಷದವರೆಗೆ ಮಗು? ಯಾರ ಜೊತೆಯಲ್ಲಿದ್ದರೆ ಮಗು? ಮಗುವಿನ ಹೆಸರೋ ಸಂಖ್ಯೆಯೋ ಟಿಕೆಟ್ಟಿನಲ್ಲಿ ಇರಬೇಕೆ? ಯಾವ ಹೊತ್ತಿನಲ್ಲಿ ರಿಯಾಯಿತಿ ನಡೆಯುವುದಿಲ್ಲ? ಈ ನಾಲ್ಕಕ್ಕೂ ಉತ್ತರ ತಿಳಿದುಕೊಂಡು, ವಯಸ್ಸಿಗೆ ಸಾಕ್ಷಿಯಾಗಿ ಪಾಸ್‌ಪೋರ್ಟನ್ನು ಕೈಚೀಲದಲ್ಲಿಟ್ಟುಕೊಂಡವನು ಯಾವ ದೇಶದ ರೈಲನ್ನಾದರೂ ನಿಶ್ಚಿಂತೆಯಿಂದ ಹತ್ತಬಹುದು. ಕೊನೆಯ ಪ್ರಶ್ನೆಯನ್ನು ಅವರು ಅನುಭವದಿಂದ ಕಲಿತಿದ್ದರು. ಲಂಡನ್ ಮತ್ತು ಅದರ ಆಗ್ನೇಯ ಸೀಮೆಯೊಳಗಿನ ಪ್ರಯಾಣಕ್ಕೆ ಆ ಸಂಸಾರದ ಕಾರ್ಡು ವಾರದ ದಿನಗಳ ಬೆಳಗಿನ ಜನಸಂದಣಿಯ ವೇಳೆಯಲ್ಲಿ ನಡೆಯುವುದಿಲ್ಲ. ವಿಂಡ್ಸರಿನ ಅರಮನೆಯನ್ನು ನೋಡಲು ಹೊರಟ ದಿನ, ಮುಂಜಾನೆಯೇ ಮಿಂದು ಸಿದ್ಧರಾಗಿದ್ದ ದಂಪತಿಗಳು ಆ ವೇಳೆ ಕಳೆಯುವವರೆಗೆ ಮನೆಯಲ್ಲಿಯೇ ಕಾಯಬೇಕಾಯಿತು.

ತಮ್ಮ ವಯಸ್ಸಿನವರಿಗೂ ಅಲ್ಲಿ ಬೇರೊಂದು ಕಾರ್ಡು ಇರುವುದನ್ನು ತಿಳಿದಾಗ ಮೇಷ್ಟ್ರು ಬೆರಗಾದರು. ಅರವತ್ತು ತುಂಬಿದವರು ಯಾವ ದೇಶದವರೇ ಆಗಲಿ, 35 ಪೌಂಡು ಕೊಟ್ಟು ಅದನ್ನು ಪಡೆದರೆ ಟಿಕೆಟ್ಟಿನಲ್ಲಿ ಮೂರರಲ್ಲೊಂದು ಪಾಲು ಉಳಿಯುತ್ತದೆ. ನಮ್ಮ ರೈಲ್ವೆಯಲ್ಲಿಯೂ ಹಿರಿಯ ಗಂಡಸರಿಗೆ ನೂರಕ್ಕೆ ನಲವತ್ತು, ಹೆಂಗಸರಿಗೆ ಐವತ್ತು ಕಡಿತವಿದ್ದದ್ದು 2020ರ ಮಾರ್ಚಿಯಲ್ಲಿ, ಕೊರೋನಾದ ಕಾಲಕ್ಕೆ, ನಿಂತುಹೋಗಿತ್ತು. ತಾವಿಬ್ಬರೇ ತಿರುಗಾಡುವುದಾದರೆ ಹಿರಿಯರ ಕಾರ್ಡು ಮೇಲು. ಹುಡುಗ ಜೊತೆಗಿದ್ದರೆ ಒಂದೇ ಕಾರ್ಡಿನಲ್ಲಿ ಎಲ್ಲರೂ ಅಡಗುವುದರಿಂದ ಸಂಸಾರದ ಕಾರ್ಡೇ ಮೇಲು ಎಂದು ಅವರು ತೀರ್ಮಾನಿಸಿದರು. ಹುಡುಗ ಜೊತೆಗಿಲ್ಲದೆ ಅವರು ಒಂದು ದಿನವೂ ಎಲ್ಲಿಗೂ ಹೋಗಲಿಲ್ಲ.

ಎಡಿನ್‌ಬರೋಗೆ ಹೊರಟ ದಿನ ರೈಲು ಕಿಕ್ಕಿರಿದಿತ್ತು. ಹೊಲಗಳು, ಕುರಿಗಳು, ಹಳೆಯ ಚರ್ಚಿನ ಗೋಪುರಗಳು ಹಿಂದಕ್ಕೆ ಓಡಿದವು. ನ್ಯೂಕ್ಯಾಸಲ್ಲಿನಲ್ಲಿ ಟೈನ್ ನದಿಯನ್ನು ದಾಟಿದ ಮೇಲೆ ಬಲಗಡೆ ಸಮುದ್ರ ಕಾಣಿಸಿತು. ಅಷ್ಟರಲ್ಲಿ ಟಿಕೆಟ್ ಪರೀಕ್ಷಕಿಯೊಬ್ಬಳು ಬಂದಳು. ಮಗಳು ಟಿಕೆಟ್ಟುಗಳನ್ನೂ ಕಾರ್ಡನ್ನೂ ತೋರಿಸಿದಳು. ಕಾರ್ಡಿಲ್ಲದೆ ರಿಯಾಯಿತಿಯ ಟಿಕೆಟ್ಟನ್ನು ಮಾತ್ರ ಹಿಡಿದು ಹೊರಟವರ ಟಿಕೆಟ್ಟು ಊರ್ಜಿತವಲ್ಲವೆಂದೂ, ಇಂಗ್ಲೆಂಡಿನಲ್ಲಿ ಸರಿಯಾದ ಟಿಕೆಟ್ಟಿಲ್ಲದವರಿಗೆ ದಂಡದ ದರ 2023ರ ಜನವರಿಯಿಂದ 100 ಪೌಂಡು, ಅದರ ಮೇಲೆ ಪ್ರಯಾಣದ ದರವೆಂದೂ ಮೇಷ್ಟ್ರ ನೋಟುಪುಸ್ತಕದಲ್ಲಿ ಆಗಲೇ ದಾಖಲಾಗಿತ್ತು.

ಪರೀಕ್ಷಕಿ ದೊಡ್ಡವರನ್ನು ಎಣಿಸಿದಳು. ಆಮೇಲೆ ಬಗ್ಗಿ, ಹುಡುಗನನ್ನು ಅವನ ವಯಸ್ಸೆಷ್ಟೆಂದು ಕೇಳಿದಳು. ತನಿಖೆಗೆ ಕೇಳಿದಳೋ, ಅಕ್ಕರೆಗೆ ಕೇಳಿದಳೋ, ಹೇಳಲಾಗದು. ಮೇಷ್ಟ್ರ ಎದೆ ಮಾತ್ರ ಡವಡವನೆ ಹೊಡೆದುಕೊಂಡಿತು. ಮುಚ್ಚಿಡುವುದು ಏನೂ ಇರಲಿಲ್ಲ, ಆದರೂ ಹೊಡೆದುಕೊಂಡಿತು. ಅವರು ಹುಡುಗನ ಕಡೆಗೆ ನೋಡಲಿಲ್ಲ, ಎದುರಿಗೆ ಕುಳಿತಿದ್ದ ಮಗಳ ಕಡೆಗೆ ನೋಡಿದರು.

ಹುಡುಗ ಐದು ಬೆರಳುಗಳನ್ನೂ ಅಗಲವಾಗಿ ಬಿಡಿಸಿ ಪರೀಕ್ಷಕಿಯ ಮುಖದ ಮುಂದೆ ಹಿಡಿದ. ಅವಳು ನಕ್ಕು ಮುಂದೆ ಹೋದಳು. ಮಗಳು ಕಿಟಕಿಯ ಹೊರಗೆ ಸಮುದ್ರವನ್ನು ನೋಡುತ್ತಿದ್ದಳು. ಮೇಷ್ಟ್ರು ಕೈ ಚಾಚಿ ಅವಳ ಕೈಯನ್ನು ಒಂದು ಕ್ಷಣ ಹಿಡಿದುಕೊಂಡರು. “ಆವತ್ತು ನಾನು ಹಾಗೆ ಹೇಳಿಕೊಡಬಾರದಿತ್ತಮ್ಮ,” ಎಂದರು. ರೈಲಿನ ಸದ್ದಿನಲ್ಲಿ ಆ ಮಾತು ಪಕ್ಕದವರಿಗೆ ಕೇಳಿಸಲಿಲ್ಲ. ಕೇಳಿಸಬೇಕಾದವಳಿಗೆ ಕೇಳಿಸಿತು. ಅವಳು ತಂದೆಯ ಕೈಯನ್ನು ಬಿಡಲಿಲ್ಲ.

ಆಷಾಢ ಕಳೆಯುವ ಹೊತ್ತಿಗೆ ದಂಪತಿಗಳು ಊರಿಗೆ ಹಿಂದಿರುಗಿದರು. ನಾಲೆಯಲ್ಲಿ ನೀರು ಬಂದಿತ್ತು. ಕಬ್ಬು ಆಳೆತ್ತರ ಬೆಳೆದಿತ್ತು. ದಸರೆ ಹತ್ತಿರ ಬಂದಾಗ ಮಗನ ಮಗಳು, ಐದೂವರೆ ವರ್ಷದವಳು, ಮೈಸೂರಿನ ಆನೆ ನೋಡಬೇಕೆಂದು ಹಟ ಹಿಡಿದಳು. ತಾತ ಅಜ್ಜಿ ಅವಳನ್ನು ಕರೆದುಕೊಂಡು ಮದ್ದೂರು ನಿಲ್ದಾಣಕ್ಕೆ ಬಂದರು. ನಮ್ಮ ರೈಲ್ವೆಯಲ್ಲಿಯೂ ಐದು ತುಂಬದವರಿಗೆ ಟಿಕೆಟ್ಟು ಬೇಡ. ಐದರಿಂದ ಹನ್ನೆರಡು ತುಂಬುವವರೆಗೆ, ಕಾದಿರಿಸುವ ಡಬ್ಬಿಗಳಲ್ಲಿ ಮಗುವಿಗೆ ಪ್ರತ್ಯೇಕ ಸ್ಥಳ ಬೇಕಾದರೆ 2016ರ ಏಪ್ರಿಲಿನಿಂದ ಪೂರ್ತಿ ದರ. ಸ್ಥಳ ಬೇಡವೆಂದರೆ ಅರ್ಧ. ಕಾದಿರಿಸದ ಸಾಮಾನ್ಯ ಡಬ್ಬಿಯಲ್ಲಿ ಎಂದಿನಂತೆ ಅರ್ಧ.

ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಹಿಂದೆ ನಿಂತಿದ್ದ ಪರಿಚಯಸ್ಥರೊಬ್ಬರು, “ಮಗೂಗೆ ಯಾಕೆ ತಗೊಳ್ತೀರಿ ಮೇಷ್ಟ್ರೇ? ಸಣ್ಣ ಕೂಸು. ಯಾರು ಕೇಳ್ತಾರೆ?” ಎಂದರು.

“ಯಾರೂ ಕೇಳಲ್ಲ ಕಣಪ್ಪ. ಅವಳು ಕೇಳಿಸಿಕೊಳ್ತಾ ಇದ್ದಾಳೆ,” ಎಂದು ಮೇಷ್ಟ್ರು ಮೊಮ್ಮಗಳ ಕಡೆಗೆ ಕಣ್ಣು ತೋರಿಸಿದರು. ಆಮೇಲೆ ಕಿಟಕಿಯೊಳಕ್ಕೆ ಹಣ ನೀಡಿ, ಹಿಂದಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

“ಮೈಸೂರಿಗೆ ಎರಡೂವರೆ.”